ಹವಳದ ಹೂ ಮತ್ತು ಮುಚ್ಚಿಟ್ಟ ಹೆಸರು

ನಾವು ಹವಳವನ್ನು ನವರತ್ನಗಳಲ್ಲಿ ಎಣಿಸಿದೆವು. ಯೂರೋಪಿನ ಪಂಡಿತರಿಗೆ ಅದು ಕಡಲಡಿಯ ಗಿಡ. 1706ರಲ್ಲಿ ಇಟಲಿಯ ಮಾರ್ಸಿಲಿ, ಆಗಷ್ಟೇ ನೀರಿನಿಂದ ತೆಗೆದ ಹವಳದ ಕೊಂಬೆಯಲ್ಲಿ ಎಂಟೆಸಳಿನ ಬಿಳಿ ಹೂಗಳನ್ನು ಕಂಡಮೇಲಂತೂ ಹೆಚ್ಚಿನವರಿಗೆ ಸಂಶಯವೇ ಉಳಿಯಲಿಲ್ಲ.

ಮಾರ್ಸೇಯ ವೈದ್ಯ ಪೆಯ್ಸೊನೆಲ್‌ಗೆ ಮಾತ್ರ ಸಮಾಧಾನವಿರಲಿಲ್ಲ. 1725ರಲ್ಲಿ ಉತ್ತರ ಆಫ್ರಿಕದ ಕರಾವಳಿಯಲ್ಲಿ ಆತ ಕಡಲ ನೀರು ತುಂಬಿದ ಪಾತ್ರೆಯಲ್ಲಿ ಕೊಂಬೆಯನ್ನಿಟ್ಟು ನೋಡಿದ. ಅರಳಿದ ಹೂ ಮುಟ್ಟಿದೊಡನೆ ಮುದುಡಿತು. ನೀರು ಕುದಿಸಿದಾಗ, ಬೆಂದ ಚಿಪ್ಪಿನ ಪ್ರಾಣಿಯಂತೆ ಹೊರಚಾಚಿ ನಿಂತಿತು. ಇದು ಹೂವಲ್ಲ, ಜೀವಿ ಎಂದು ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಬರೆದ. ಅಲ್ಲಿನ ಹಿರಿಯ ರೇಯೋಮ್ಯೂರ್ ಅದನ್ನು ತಳ್ಳಿಹಾಕಿದ್ದಲ್ಲದೆ, ಲೇಖಕನ ಮಾನ ಉಳಿಸಲೆಂದು ಹೆಸರನ್ನೇ ಮರೆಮಾಡಿದ. ಇಂಥ ಮರ್ಯಾದೆಗಿಂತ ಬಹಿರಂಗ ಜಗಳವೇ ವಾಸಿ!

1740ರಲ್ಲಿ ಹಾಲೆಂಡಿನ ಹೇಗ್ ಬಳಿ ಮನೆಪಾಠ ಹೇಳುತ್ತಿದ್ದ ಟ್ರೆಂಬ್ಲೆಗೆ ನೀರಿನಲ್ಲಿ ಒಂದು ಪುಟ್ಟ ಹಸಿರು ಜೀವಿ ಸಿಕ್ಕಿತು. ಅದೇ ಹೈಡ್ರ. ಎರಡಾಗಿ ಕತ್ತರಿಸಿದರೆ ಎರಡೂ ತುಂಡು ಗಿಡದಂತೆ ಚಿಗುರಿದವು. ಆದರೆ ಅದು ನಡೆಯುತ್ತಿತ್ತು, ಬೇಟೆಯನ್ನು ನುಂಗುತ್ತಿತ್ತು. ಹಾಗಾದರೆ ಹವಳವೂ ಪ್ರಾಣಿಯೇ ಏಕಾಗಬಾರದು? 1742ರಲ್ಲಿ ರೇಯೋಮ್ಯೂರ್ ತಪ್ಪೊಪ್ಪಿಕೊಂಡು ಪೆಯ್ಸೊನೆಲ್‌ನ ಹೆಸರನ್ನು ಬಹಿರಂಗವಾಗಿ ಹೇಳಿದ. ಅಷ್ಟರಲ್ಲಿ ಆ ವೈದ್ಯ ಸಾಗರದಾಚೆಯ ಗ್ವಾಡಲೂಪ್ ದ್ವೀಪ ಸೇರಿದ್ದ.

ಹವಳ, ಹೈಡ್ರ, ಲೋಳೆಮೀನು ಇವೆಲ್ಲ ಕುಟುಕುವ ಕಣಗಳುಳ್ಳ ಒಂದೇ ಬಳಗ. 2007ರಲ್ಲಿ ಈ ಬಳಗದ ಒಂದು ಕಡಲ ಹೂವಿನ ವಂಶವಾಹಿಗಳನ್ನು ಓದಿದಾಗ, ನೊಣ ಕಳೆದುಕೊಂಡಿರುವ ಎಷ್ಟೋ ವಂಶವಾಹಿಗಳು ಅದರಲ್ಲೂ ಮನುಷ್ಯನಲ್ಲೂ ಉಳಿದಿರುವುದು ಕಂಡಿತು. ಇಬ್ಬರಿಗೂ ಅವು ಬಂದದ್ದು 54 ಕೋಟಿ ವರ್ಷಗಳಿಗೂ ಹಿಂದಿನ ಒಂದೇ ಪೂರ್ವಜನಿಂದ.