ಜೀವಕೋಶದ ಗುರುತುಗಳು

ಮಂದೆಗಳೆರಡು ಬೆರೆತುಹೋದಾಗ ಹಂಪಸಾಗರದ ಕಡೆಯ ಕುರಿಗಾಹಿಯು ಕಿವಿಯ ಗುರುತನ್ನು ನೋಡಿ ತನ್ನ ಕುರಿಗಳನ್ನು ಬೇರ್ಪಡಿಸಿಕೊಳ್ಳುವನು. ಜೀವಕೋಶಗಳ ಮೈಮೇಲೆಯೂ ಗುರುತುಗಳುಂಟು. ಆದರೆ ಅವು ಸೂಕ್ಷ್ಮದರ್ಶಕಕ್ಕೂ ತಾವಾಗಿ ಗೋಚರಿಸವು. ಅವುಗಳನ್ನು ತೋರಿಸಿಕೊಟ್ಟುದು ಪ್ರತಿಕಾಯ, ಎಂದರೆ ಪರವಸ್ತುವು ಒಳಹೊಕ್ಕಾಗ ಅದನ್ನು ಹಿಡಿಯಲೆಂದು ದೇಹವು ನಿರ್ಮಿಸುವ ವಸ್ತು.

ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರನು 1901ರಲ್ಲಿ ಮನುಷ್ಯರ ರಕ್ತದಲ್ಲಿ ಪಂಗಡಗಳಿರುವುದನ್ನು ಕಂಡುದು ಇದರಿಂದಲೇ. ಒಬ್ಬನ ರಕ್ತದ ತಿಳಿಯು ಮತ್ತೊಬ್ಬನ ಕೆಂಪುಕಣಗಳನ್ನು ಗುಂಪುಗಟ್ಟಿಸಿತು. ಆದರೆ ಪ್ರಾಣಿಗಳ ರಕ್ತದಿಂದ ತೆಗೆದ ತಿಳಿಯಲ್ಲಿ ನಾನಾ ಪ್ರತಿಕಾಯಗಳು ಬೆರೆತಿರುತ್ತಿದ್ದುವು. ಈ ತೊಡಕು ಕಳೆದುದು 1975ರಲ್ಲಿ. ಕೇಂಬ್ರಿಜ್ಜಿನ ಕೋಲರ್ ಮತ್ತು ಮಿಲ್‌ಸ್ಟೈನರು ಇಲಿಯ ಗುಲ್ಮದ ಕೋಶವನ್ನು ಎಡೆಬಿಡದೆ ಬೆಳೆಯುವ ಅರ್ಬುದಕೋಶದೊಡನೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆದರು. ಈ ಉಪಾಯಕ್ಕೆ ಅವರು ಪೇಟೆಂಟು ಪಡೆಯಲಿಲ್ಲವೆಂಬುದು ಸ್ಮರಣಾರ್ಹ.

ಸ್ಟೆಮ್ ಸೆಲ್ ಎಂದು ರೂಢಿಯಾಗಿರುವ ಆಕರಕೋಶಗಳನ್ನು ಆಯುವ ಕೆಲಸಕ್ಕೆ ಇದು ಕೂಡಲೆ ಒದಗಿತು. ಅಮೆರಿಕದ ಬಾಲ್ಟಿಮೋರಿನಲ್ಲಿ ಸಿವಿನ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರತಿಕಾಯವು, ಮಜ್ಜೆಯ ಅಸಂಖ್ಯ ಕೋಶಗಳ ನಡುವೆ ರಕ್ತಮೂಲವಾದ ಕೆಲವನ್ನೇ ಹಿಡಿಯಿತು. ಆ ಗುರುತಿಗೆ ಈಗ ಸಿ.ಡಿ. 34 ಎಂದು ಹೆಸರು. ಅದಕ್ಕೂ ಮೊದಲು, 1978ರಲ್ಲಿ, ಸೋಲ್ಟರ್ ಮತ್ತು ನೋಲ್ಸ್ ಎಂಬುವರು ಇಲಿಯ ಎಳೆಭ್ರೂಣದ ಮೇಲೆ ಎಸ್.ಎಸ್.ಇ.ಎ. 1 ಎಂಬ ಗುರುತನ್ನು ಕಂಡಿದ್ದರು. ಆದರೆ ವಿಸ್ಕಾನ್ಸಿನ್‌ನ ಥಾಮ್ಸನ್ನನು 1998ರಲ್ಲಿ ಮಾನವಭ್ರೂಣದ ಆಕರಕೋಶಗಳನ್ನು ಬೆಳೆಸಿದಾಗ ಅವುಗಳಲ್ಲಿ ಅದು ಇರಲೇ ಇಲ್ಲ! ಮಾನವಕೋಶವು ಆಕರಗುಣವನ್ನು ಕಳೆದುಕೊಳ್ಳುತ್ತ ಬಂದಾಗಲೇ ಅದು ತಲೆದೋರುವುದು. ಇಲಿಯಲ್ಲಿ ಆಕರಕೋಶದ ಚಿಹ್ನೆಯಾದುದು ಮನುಷ್ಯನಲ್ಲಿ ಅದರ ವ್ಯತಿರೇಕವನ್ನೇ ಸೂಚಿಸಿತು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಮತ್ತು ಸಂಗಡಿಗರು ನಡೆಸಿದ ಕೆಲಸದಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಸಂಗತಿ ಹೊರಬಿದ್ದಿತು. ಮೂರನೆಯ ದರ್ಜೆಯವೆಂದು ಕೈಬಿಟ್ಟ ಭ್ರೂಣಗಳಿಂದ ಅವರು ಎರಡು ಸೋದರ ಕೋಶವಂಶಗಳನ್ನು ಬೆಳೆಸಿ 2009ರಲ್ಲಿ ಪ್ರಕಟಿಸಿದರು, ಬಿ.ಜೆ.ಎನ್.ಹೆಮ್ 19 ಮತ್ತು 20 ಎಂದು ಅವುಗಳ ಹೆಸರು. ಎರಡು ವರ್ಷಗಳಿಗೂ ಮಿಕ್ಕು ಬೆಳೆದರೂ ಎರಡರಲ್ಲಿಯೂ ಆಕರಕೋಶದ ಮುಖ್ಯ ಗುರುತುಗಳೆಲ್ಲ ಉಳಿದುವು. ಆದರೆ ಇಲಿಯ ಮೈಯಲ್ಲಿ ನೆಟ್ಟಾಗ, ಆಕರಕೋಶದ ಶಕ್ತಿಗೆ ಸಾಕ್ಷಿಯೆನಿಸುವ, ನಾನಾ ಅಂಗಾಂಶಗಳುಳ್ಳ ಗಡ್ಡೆಯನ್ನು 20ನೆಯದು ಕಟ್ಟಲಿಲ್ಲ. ಗಾಜಿನ ತಟ್ಟೆಯಲ್ಲಾದರೋ ಅದೇ ಕೋಶವಂಶವು ಭ್ರೂಣದ ಮೂರು ಪದರಗಳ ಕೋಶಗಳನ್ನೂ ಹುಟ್ಟಿಸಿತು.