ನೈದಿಲೆ ಮತ್ತು ಗುಡ್ನಾಪುರದ ಕೆರೆ

ನೈದಿಲೆ ಕೆರೆ-ಕೊಳಗಳ ನಿಂತ ನೀರಿನಲ್ಲಿ ಬೆಳೆಯುವ ದೇಶೀ ಜಲಸಸ್ಯ. ನಿಂಫಿಯಾ ನೌಚಾಲಿ ಎಂಬ ಇದರ ಶಾಸ್ತ್ರೀಯ ಹೆಸರು 1768ರಲ್ಲಿ ಡಚ್ ಸಸ್ಯವಿಜ್ಞಾನಿ ನಿಕೋಲಾಸ್ ಬರ್ಮನ್ ಕೊಟ್ಟದ್ದು. ನೀಲಿ ಹೂವಿನ ಬಗೆಗೆ ಕನ್ನೈದಿಲೆ, ನೀಲೋತ್ಪಲ ಎಂಬ ಹೆಸರುಗಳಿವೆ. ಜಪಾನಿನ ಹಳೆಯ ಉದ್ಯಾನಗಳಲ್ಲಿ ಜೌಗು ನೆಲದ ಐರಿಸ್ ಹೂವಿಗೆ ಸಂದ ಗೌರವ ಕನ್ನಡನಾಡಿನಲ್ಲಿ ತಾವರೆ, ನೈದಿಲೆಗಳಿಗೆ ಸಂದಿದೆ. ಇಲ್ಲಿ ಅವುಗಳ ತೋಟವೆಂದರೆ ಕೆರೆಯೇ.

ಇದಕ್ಕೆ ಶಿರಸಿ ತಾಲ್ಲೂಕಿನ ಗುಡ್ನಾಪುರಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಬನವಾಸಿಯಿಂದ ಸುಮಾರು 5 ಕಿ.ಮೀ. ದೂರದಲ್ಲಿ, ವಿಶಾಲವಾದ ಕೆರೆಯ ದಂಡೆಯಲ್ಲಿ ಈ ಊರಿದೆ. ಕದಂಬ ದೊರೆ ರವಿವರ್ಮನ (ಸು. 485–519) ಸಂಸ್ಕೃತ ಶಾಸನವಿರುವ ಕಂಬವೊಂದು ಇಲ್ಲಿ ದೊರೆಯಿತು, 1970ರ ದಶಕದಲ್ಲಿ ವಿದ್ವಾಂಸ ಬಾ.ರಾ. ಗೋಪಾಲ ಅದನ್ನು ಬೆಳಕಿಗೆ ತಂದರು. ಅರಮನೆ, ಅಂತಃಪುರ, ನೃತ್ಯಶಾಲೆಗಳ ಜೊತೆಗೆ ಅರಸ ಕಟ್ಟಿಸಿದ ಕಾಮಜಿನಾಲಯದ ವಿವರ ಅದರಲ್ಲಿದೆ. ಮುಂದೆ ನಡೆದ ಉತ್ಖನನದಲ್ಲಿ ಇಟ್ಟಿಗೆ ಕಟ್ಟಡಗಳ ತಳಪಾಯಗಳೂ ಸಿಕ್ಕವು.

ಕಾಮನ ಗುಡಿಗೆ ನೀರಿನ ನೆರೆ ಬಹಳ ಸಹಜ. ಅರವಿಂದ, ಅಶೋಕ, ಚೂತ, ನವಮಲ್ಲಿಕೆ, ನೀಲೋತ್ಪಲ ಎಂಬ ಅವನ ಐದು ಬಾಣಗಳಲ್ಲಿ ಮೊದಲನೆಯದೂ ಕೊನೆಯದೂ ಕೆಸರಿನಲ್ಲಿ ಹುಟ್ಟಿದವು. ಜೈನರಿಗೂ ಈ ಹೂಗಳು ಪೂಜ್ಯ: ಆರನೆಯ ತೀರ್ಥಂಕರ ಪದ್ಮಪ್ರಭನ ಲಾಂಛನ ತಾವರೆ, ಇಪ್ಪತ್ತೊಂದನೆಯ ನಮಿನಾಥನದು ನೀಲೋತ್ಪಲ. ಜೈನ ಪರಂಪರೆಯಲ್ಲಿ ಬಾಹುಬಲಿ ಮೊದಲ ಕಾಮದೇವನಾದ್ದರಿಂದ, ಗುಡ್ನಾಪುರದ ಕಾಮ ಮನ್ಮಥನೋ ಬಾಹುಬಲಿಯೋ ಎಂಬ ಪ್ರಶ್ನೆಯೂ ಇದೆ.

ಕೆರೆ ಕಟ್ಟಿಸುವುದು ಕದಂಬರಿಗೆ ಹೊಸತಾಗಿರಲಿಲ್ಲ. ಕಾಕುತ್ಸ್ಥವರ್ಮ ಕಟ್ಟಿಸಿದ ಕೆರೆಯ ಸುದ್ದಿ ತಾಳಗುಂದದ ಕಂಬಶಾಸನದಲ್ಲಿದೆ. ಶಾಂತಿವರ್ಮನ ಕಾಲದಲ್ಲಿ ಅದನ್ನು ರಚಿಸಿದವನು ಕವಿ ಕುಬ್ಜ. ಹನ್ನೆರಡನೆಯ ಶತಮಾನದ ಹೊತ್ತಿಗೆ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ವನಕ್ರೀಡೆ, ಜಲಕ್ರೀಡೆಗಳನ್ನು ಅರಸರ ವಿನೋದಗಳೆಂದೇ ವರ್ಣಿಸಿತು.

ನೈದಿಲೆಯನ್ನು ತಾವರೆಯಿಂದ ಬೇರ್ಪಡಿಸಿ ಗುರುತಿಸುವುದು ಸುಲಭ. ತಾವರೆಯ ದುಂಡನೆಯ ಎಲೆ ನೀರಿನಿಂದ ಎದ್ದು ನಿಲ್ಲುತ್ತದೆ. ನೈದಿಲೆಯದು ಬುಡದಲ್ಲಿ ಸೀಳಿದ್ದು, ನೀರಿನ ಮೇಲೆ ಮಲಗಿರುತ್ತದೆ. ಮಳೆಗೆ ಕೆರೆ ಏರಿದಂತೆ ಎಲೆಯ ತೊಟ್ಟೂ ನೀಳವಾಗುತ್ತದೆ, ಅದರೊಳಗಿನ ಗಾಳಿನಾಳಗಳು ಕೆಸರಿನ ಗೆಡ್ಡೆಗೆ ಉಸಿರು ಮುಟ್ಟಿಸುತ್ತವೆ. ಬೆಳಿಗ್ಗೆ ಅರಳಿದ ಹೂ ಹೊತ್ತು ಇಳಿಯುವಾಗ ಮುಚ್ಚಿಕೊಂಡು ಮರುದಿನ ಮತ್ತೆ ಅರಳುತ್ತದೆ. ಕಾಯಿ ಮಾಗುವುದು ನೀರಿನಡಿಯಲ್ಲಿ. ಹೊರಬಂದ ಬೀಜ ಕೆಲಕಾಲ ತೇಲಿ ಆಮೇಲೆ ಮುಳುಗುವುದರಿಂದ ಒಂದೇ ಗಿಡದ ಸಂತಾನ ಕೆರೆಯುದ್ದಕ್ಕೂ ಹರಡಬಲ್ಲದು.

ಶ್ರೀಲಂಕಾ ಇದೇ ನೀಲಿ ನೈದಿಲೆಯನ್ನು ತನ್ನ ರಾಷ್ಟ್ರಪುಷ್ಪವೆಂದು ಸಾರಿದೆ. ನಮ್ಮ ಕೆರೆಗಳಲ್ಲಿ ಅದಕ್ಕೆ ಅಷ್ಟು ಆದರ ಸಿಕ್ಕಿಲ್ಲ. ಅಂತರಗಂಗೆ ಹಬ್ಬಿ ನೀರು ಮುಚ್ಚಿದರೆ ನೈದಿಲೆ ಬಿಸಿಲು ಸಿಗದೆ ಸೊರಗುತ್ತದೆ. ಜೆಸಿಬಿ ಇಳಿಸಿ ತಳದವರೆಗೆ ಹೂಳೆತ್ತಿದರೆ ಕೆಸರಿನ ಜೊತೆ ಗೆಡ್ಡೆಯೂ ಹೋಗುತ್ತದೆ. ನರ್ಸರಿಗಳಲ್ಲಿ ಸಿಗುವ ಬಣ್ಣಬಣ್ಣದ ಗಿಡಗಳಲ್ಲಿ ಹೆಚ್ಚಿನವು ಮಿಶ್ರತಳಿಗಳು, ಕೆರೆಯ ಮೂಲ ನೈದಿಲೆಗೆ ಅವು ಬದಲಿಯಾಗಲಾರವು. ಹೂಳೆತ್ತುವಾಗ ಅಂಚಿನ ಒಂದು ಪಾಲು ಕೆಸರನ್ನು ಮುಟ್ಟದೆ ಬಿಟ್ಟಲ್ಲಿ ಉಳಿದ ಗೆಡ್ಡೆಗಳು ನೀರು ತುಂಬಿದಾಗ ಮತ್ತೆ ಚಿಗುರುತ್ತವೆ.