ಸಾಕಿದವಳ ಪಾಲಿನ ಹತ್ತು ಶಿಲಿಂಗ್

ಹಡಗಿನ ಕಪ್ತಾನನಾಗಿದ್ದ ಥಾಮಸ್ ಕೋರಮ್ 1739ರಲ್ಲಿ ರಾಜಸನ್ನದು ಪಡೆದು ಲಂಡನ್ನಿನಲ್ಲಿ ಸ್ಥಾಪಿಸಿದ ಫೌಂಡ್ಲಿಂಗ್ ಆಸ್ಪತ್ರೆ ಹೆಸರಿಗಷ್ಟೇ ಆಸ್ಪತ್ರೆ. ಹೆತ್ತವರು ಸಾಕಲಾರದ ಕೂಸುಗಳಿಗೆ ಅದು ಆಶ್ರಯ. 1741ರಿಂದ ಮಕ್ಕಳನ್ನು ಸೇರಿಸಿಕೊಳ್ಳಲು ಶುರುಮಾಡಿದರು. ತಾಯಿ ಬಿಟ್ಟುಹೋದ ಬಟ್ಟೆಯ ಚೂರನ್ನು ದಾಖಲೆಯ ಹಾಳೆಗೆ ಸೂಜಿಯಿಂದ ಚುಚ್ಚಿ ಜೋಪಾನವಾಗಿ ಎತ್ತಿಡುತ್ತಿದ್ದರು, ಎಂದಾದರೂ ಅವಳು ಮಗುವನ್ನು ಕೇಳಿಕೊಂಡು ಬಂದರೆ ಗುರುತಿಗಿರಲಿ ಎಂದು. ಕೂಸಿಗೆ ಹೊಸ ಹೆಸರಿಟ್ಟು, ಸಂಖ್ಯೆಯೊತ್ತಿದ ಸೀಸದ ಬಿಲ್ಲೆಯನ್ನು ಕೊರಳಿಗೆ ಕಟ್ಟಿ, ಎದೆಹಾಲು ಕೊಡಬಲ್ಲ ಹಳ್ಳಿಯ ಹೆಂಗಸೊಬ್ಬಳ ಮಡಿಲಿಗೆ ಹಾಕುತ್ತಿದ್ದರು. ಅವಳಿಗೆ ವಾರದ ಸಂಬಳವಿತ್ತು. ಕೂಸು ವರ್ಷ ತುಂಬುವವರೆಗೆ ಬದುಕಿ ಉಳಿದರೆ ಹತ್ತು ಶಿಲಿಂಗ್ ಬಹುಮಾನ. ಊರಿನ ಗಣ್ಯರೊಬ್ಬರು ಸಂಬಳವಿಲ್ಲದೆ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದರು. ಆ ಕಾಲಕ್ಕೆ ಇದು ಮೆಚ್ಚತಕ್ಕ ಏರ್ಪಾಡೇ ಸರಿ. ಆದರೆ ಆಸ್ಪತ್ರೆ ಬೆಲೆ ಕಟ್ಟಿದ್ದು ಸಾಕುವ ದುಡಿಮೆಗೆ ಮಾತ್ರ. ಸಾಕಿದ್ದರಿಂದ ಬೆಳೆದ ನಂಟು ಅದರ ಲೆಕ್ಕಕ್ಕೇ ಬರಲಿಲ್ಲ. ಮಗುವಿಗೆ ಐದು ವರ್ಷವಾಗುತ್ತಿದ್ದಂತೆ ಲಂಡನ್ನಿಗೆ ವಾಪಸು ಕರೆಸಿಕೊಳ್ಳುತ್ತಿದ್ದರು. ಅಮ್ಮ ಎಂದು ಕರೆದವಳನ್ನು ಬಿಟ್ಟು ಅದು ಸಮವಸ್ತ್ರ ತೊಟ್ಟು ಸಾಲಿನಲ್ಲಿ ನಿಲ್ಲಬೇಕಿತ್ತು. ಹಳ್ಳಿಯ ಹೆಂಗಸರ ಸಂಕಟವನ್ನು ಮೇಲ್ವಿಚಾರಕರೇ ಕಾಗದ ಬರೆದು ತಿಳಿಸಿದ್ದುಂಟು.

ಬಡ ಕೂಲಿಯವರ ಮನೆಯಲ್ಲೇ ಬಿಟ್ಟಿದ್ದರೆ ಓದು, ಕಸುಬು ಸಿಗುತ್ತಿತ್ತೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಆಸ್ಪತ್ರೆ ಕಲಿಸಿದ್ದಾದರೂ ಎಷ್ಟು? ಹುಡುಗಿಯರು ಮನೆಗೆಲಸಕ್ಕೆ, ಹುಡುಗರು ಹಡಗಿಗೋ ಯಾವುದಾದರೂ ಕಸುಬಿಗೋ ಹೋಗುತ್ತಿದ್ದರು. ಅದಕ್ಕಾಗಿ ಮನೆ ಬಿಡಿಸಲೇಬೇಕಿರಲಿಲ್ಲ. ದುಡ್ಡಿನಾಸೆಗೆ ಸಾಕುವವರು ಮಗುವನ್ನು ಕಡೆಗಣಿಸುತ್ತಾರೆಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. 1756ರಿಂದ 1760ರವರೆಗೆ ಸಂಸತ್ತಿನ ಹಣದಿಂದ, ತಂದ ಕೂಸನ್ನೆಲ್ಲ ಸೇರಿಸಿಕೊಳ್ಳಲು ಹೊರಟಾಗ ಬಂದವು ಸುಮಾರು 15,000. ಅವುಗಳಲ್ಲಿ ಬಹುಪಾಲು ಉಳಿಯಲಿಲ್ಲ. ಅಷ್ಟು ಕೂಸುಗಳಿಗೆ ಹಾಲೂಡುವವರನ್ನು ಹುಡುಕುವುದೇ ಕಷ್ಟವಾಗಿತ್ತು. ಎಷ್ಟೋ ಕೂಸುಗಳು ಬರುವಾಗಲೇ ಸಾಯುವ ಸ್ಥಿತಿಯಲ್ಲಿದ್ದವು. ಇದರ ಹೊಣೆಯನ್ನು ಸಾಕಿದವರೊಬ್ಬರ ತಲೆಗೇ ಕಟ್ಟಲಾಗದು. ಕಣ್ಗಾವಲು ಬೇಕು, ಸರಿ. ಅದಕ್ಕೂ ನಂಟನ್ನು ಕಡಿಯುವುದಕ್ಕೂ ಏನು ಸಂಬಂಧ?

ಐದು ವರ್ಷಕ್ಕೆ ವಾಪಸು ಕರೆಸುವ ಈ ಪದ್ಧತಿ ಇಪ್ಪತ್ತನೆಯ ಶತಮಾನದವರೆಗೂ ನಡೆದುಬಂತು. ಸಂಸ್ಥೆ ತನ್ನ ವಸತಿಶಾಲೆಯನ್ನು ಮುಚ್ಚಿದ್ದು 1950ರ ದಶಕದಲ್ಲಿ. ಸಾಕಿದವರ ನಂಟಿನ ಈ ಪ್ರಶ್ನೆ ನಮ್ಮಲ್ಲೂ ಇದೆ. ಸಾಕಿದ ಮಗುವನ್ನು ದತ್ತು ಪಡೆಯಲು ಭಾರತದಲ್ಲಿ ಸಾಕುಕುಟುಂಬ ಮೊದಲು ಐದು ವರ್ಷ ಕಾಯಬೇಕಿತ್ತು. 2024ರ ಮಾದರಿ ಮಾರ್ಗಸೂಚಿ ಅದನ್ನು ಎರಡು ವರ್ಷಕ್ಕೆ ಇಳಿಸಿದೆ, ಮಗು ಕಾನೂನಿನ ಪ್ರಕಾರ ದತ್ತು ನೀಡಲು ಮುಕ್ತವಾಗಿದ್ದರೆ. ಸಾಕುವುದಕ್ಕೆಂದು ಕೊಡುವ ತಿಂಗಳ ಭತ್ಯೆಗಿಂತ ದೊಡ್ಡ ಮನ್ನಣೆ ಇದು.